ಸೋರುವ ಮಾಡು, ನಿಲ್ಲದ ಬಾಡಿಗೆ: ದುರಸ್ತಿ ಮಾಡದ ಮಾಲೀಕರ ಎದುರು ಬಾಡಿಗೆದಾರರಿಗಿರುವ ಕಾನೂನು ಮಾರ್ಗಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಪೇಟೆಯಲ್ಲಿ ಬಾಡಿಗೆ ಕಟ್ಟಡವೊಂದರ ನಿಜಸ್ಥಿತಿ ತಿಳಿಯಬೇಕಾದರೆ ಮುಂಗಾರಿನ ಮೊದಲ ಹದಿನೈದು ದಿನಗಳು ಸಾಕು. ಮಾಘ-ಫಾಲ್ಗುಣದಲ್ಲಿ ಒಣಗಿ ಚೊಕ್ಕಟವಾಗಿ ಕಂಡ ಗೋದಾಮಿನ ಗೋಡೆಯಲ್ಲಿ ಆಷಾಢಕ್ಕೆ ನೀರು ಜಿನುಗುತ್ತದೆ. ರೀಪು-ಪಕಾಸುಗಳ ನಡುವಿನಿಂದ ಹನಿ ಬಿದ್ದು ಚಾಲಿಯ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ. ಮುಂದೆ ಅಂಗಡಿ, ಹಿಂದೆ ಸಂಸಾರ ಎಂಬಂತಹ ಹಳೆಯ ಕಟ್ಟಡಗಳಲ್ಲಾದರೆ ಸರಕಿನ ಜೊತೆಗೆ ಮನೆಮಂದಿಯ ಆರೋಗ್ಯವೂ ಕೆಡುತ್ತದೆ. ಮಾಲೀಕರಿಗೆ ಹೇಳಿದರೆ "ಮಳೆ ನಿಲ್ಲಲಿ, ನೋಡೋಣ" ಎಂಬ ಉತ್ತರ. ಮಳೆ ನಿಂತ ಮೇಲೆ ಸೋರಿಕೆಯೂ ಇಲ್ಲ, ನೋಡುವವರೂ ಇಲ್ಲ.

ಇಂತಹ ಸಂದರ್ಭದಲ್ಲಿ ನಮ್ಮ ವರ್ತಕ ಬಂಧುಗಳು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಒಂದೋ ಸಿಟ್ಟಿನಿಂದ ಬಾಡಿಗೆ ಕೊಡುವುದನ್ನು ನಿಲ್ಲಿಸುತ್ತಾರೆ, ಇಲ್ಲವೇ ಯಾರನ್ನೂ ಕೇಳದೆ ತಾವೇ ಖರ್ಚು ಮಾಡಿ ಅನಂತರ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ಮೊದಲನೆಯದು ಬಾಡಿಗೆದಾರನನ್ನೇ ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲಿಸುತ್ತದೆ. ಎರಡನೆಯದಕ್ಕೆ ಕಾನೂನಿನ ಆಧಾರವಿದೆಯಾದರೂ ಅದು ಷರತ್ತಿಗೆ ಒಳಪಟ್ಟಿದ್ದು, ಆ ಷರತ್ತು ಬಹುತೇಕ ಕರಾರುಪತ್ರಗಳಲ್ಲಿ ಈಡೇರಿರುವುದಿಲ್ಲ. ಈ ಅಂಶವನ್ನು ಸದಸ್ಯರ ಗಮನಕ್ಕೆ ತರುವುದೇ ಪ್ರಸ್ತುತ ಲೇಖನದ ಉದ್ದೇಶ.

ಯಾವ ಕಾಯ್ದೆ ಅನ್ವಯಿಸುತ್ತದೆ?

"ಬಾಡಿಗೆ ಕಾಯ್ದೆ ಇದೆಯಲ್ಲ" ಎಂಬ ಮಾತು ಪೇಟೆಯಲ್ಲಿ ಆಗಾಗ ಕೇಳಿಬರುತ್ತದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದ ನೆನಪು ಅದು. ಆ ಕಾಯ್ದೆಯ ಸ್ಥಾನದಲ್ಲಿ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಬಂದು, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಹೊಸ ಕಾಯ್ದೆಯೂ ಕಟ್ಟಡವನ್ನು ವಾಸಯೋಗ್ಯವಾಗಿಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದೆ. ನೀರು, ವಿದ್ಯುತ್ತಿನಂತಹ ಅಗತ್ಯ ಸೌಲಭ್ಯಗಳನ್ನು ಕಡಿತಗೊಳಿಸುವುದನ್ನು ನಿಷೇಧಿಸಿದೆ. ಆದರೆ ಅದರ ವ್ಯಾಪ್ತಿ ಬಹಳ ಕಿರಿದು. ಅನುಸೂಚಿಯ 'ಎ' ಭಾಗದಲ್ಲಿ ಹೆಸರಿಸಿದ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಪ್ರದೇಶಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳು ಕಾಯ್ದೆಯ ಹೊರಗೆ. ನಿರ್ಮಾಣಗೊಂಡು ಅಥವಾ ಗಣನೀಯವಾಗಿ ನವೀಕರಣಗೊಂಡು ಹದಿನೈದು ವರ್ಷ ತುಂಬದ ಕಟ್ಟಡಗಳೂ ಹೊರಗೆ. ವಾಸೇತರ ಉದ್ದೇಶದ ಕಟ್ಟಡಗಳ ಪೈಕಿ ವಾಣಿಜ್ಯ ಬಳಕೆಯಲ್ಲಿರುವ 14 ಚದರ ಮೀಟರಿಗೆ ಮೀರದ ಮಳಿಗೆಗಳಿಗಷ್ಟೇ ರಕ್ಷಣೆ. ಹದಿನಾಲ್ಕು ಚದರ ಮೀಟರ್ ಎಂದರೆ ಸುಮಾರು ನೂರೈವತ್ತು ಚದರ ಅಡಿ. ಒಂದು ಪಾನ್ ಅಂಗಡಿ ಅಥವಾ ಸಣ್ಣ ಹೊಲಿಗೆ ಅಂಗಡಿಯ ಅಳತೆ. ಅಡಿಕೆ ಗೋದಾಮು, ಬೇಕರಿ, ಪ್ರೆಸ್, ಗ್ಯಾರೇಜು, ಹಾಳೆತಟ್ಟೆಯ ಘಟಕ ಇವಾವುವೂ ಅದರೊಳಗೆ ಬರಲಾರವು. ಸ್ಥಳೀಯ ಸಂಸ್ಥೆಗಳ ಮಳಿಗೆಗಳಿಗೂ ಈ ಕಾಯ್ದೆ ಇಲ್ಲ.

ಆದ್ದರಿಂದ ನಮ್ಮ ಓದುಗರಲ್ಲಿ ಹೆಚ್ಚಿನವರ ಪಾಲಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ತಾವು ಸಹಿ ಹಾಕಿದ ಕರಾರುಪತ್ರ. ಹಳೆಯ ಕಡಿಮೆ ಬಾಡಿಗೆಯ ಮನೆಯಲ್ಲಿರುವವರು ಮಾತ್ರ ಮೊದಲು 1999ರ ಕಾಯ್ದೆ ತಮಗೆ ಅನ್ವಯವೇ ಎಂಬುದನ್ನು ವಕೀಲರಿಂದ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

108ನೆಯ ಕಲಂ ಹೇಳುವುದೇನು?

ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಂ ಮಾಲೀಕ ಹಾಗೂ ಬಾಡಿಗೆದಾರರ ಪರಸ್ಪರ ಹಕ್ಕು-ಬಾಧ್ಯತೆಗಳ ಪಟ್ಟಿ. ಅದರ ಮೊದಲ ಮಾತೇ ಮಹತ್ವದ್ದು: ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಬೇರೆ ರೀತಿಯಲ್ಲಿ ಇಲ್ಲದಿದ್ದಾಗ ಮಾತ್ರ ಈ ಪಟ್ಟಿ ಅನ್ವಯ.

ಪಟ್ಟಿಯ ಮೊದಲ ಉಪಕಲಂ ನಮ್ಮ ಭಾಗದವರಿಗೆ ತುಂಬ ಉಪಯುಕ್ತವಾದದ್ದು. ಆದರೆ ಬಳಸಿಕೊಂಡವರು ಕಡಿಮೆ. ಕಟ್ಟಡವನ್ನು ಯಾವ ಉದ್ದೇಶಕ್ಕೆ ಕೊಡಲಾಗುತ್ತಿದೆಯೋ ಆ ಉದ್ದೇಶಕ್ಕೆ ಬಾಧಕವಾಗುವ ದೊಡ್ಡ ದೋಷವೊಂದು ಮಾಲೀಕರಿಗೆ ತಿಳಿದಿದ್ದು, ಬಾಡಿಗೆದಾರನಿಗೆ ತಿಳಿಯದಿದ್ದು, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂತಿದ್ದರೆ, ಅದನ್ನು ತಿಳಿಸುವುದು ಮಾಲೀಕರ ಕರ್ತವ್ಯ. ಹೀಗೆ ಊಹಿಸೋಣ: ಸಿದ್ದಾಪುರದ ವ್ಯಾಪಾರಿಯೊಬ್ಬರು ಜನವರಿಯಲ್ಲಿ ಅಡಿಕೆ ಸಂಗ್ರಹಕ್ಕೆಂದು ಗೋದಾಮು ಹಿಡಿಯುತ್ತಾರೆ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದೆ. ಹಿಂದಿನ ಬಾಡಿಗೆದಾರ ಪ್ರತಿ ಮಳೆಗಾಲವೂ ಪಶ್ಚಿಮದ ಗೋಡೆಯಿಂದ ನೀರು ಬರುತ್ತದೆಂದು ಮಾಲೀಕರಿಗೆ ಪತ್ರ ಬರೆದಿದ್ದಾನೆ. ಆ ಪತ್ರ ಸಿಕ್ಕಿತೆಂದರೆ ನಷ್ಟ ಪರಿಹಾರದ ದಾವೆಗೆ ಗಟ್ಟಿಯಾದ ಆಧಾರ ದೊರೆತಂತೆ. ಕಟ್ಟಡ ಹಿಡಿಯುವ ಮುನ್ನ ಹಿಂದಿನ ಬಾಡಿಗೆದಾರರನ್ನು ಒಮ್ಮೆ ಮಾತನಾಡಿಸುವುದು ಈ ದೃಷ್ಟಿಯಿಂದಲೂ ಲಾಭಕರ.

ಇನ್ನು ದುರಸ್ತಿಯ ವಿಷಯ. ಮಾಲೀಕರು ತಾವು ಮಾಡಲು ಬದ್ಧರಾಗಿರುವ ದುರಸ್ತಿಯನ್ನು, ನೋಟೀಸು ಕೊಟ್ಟ ಬಳಿಕ ಯುಕ್ತ ಕಾಲದೊಳಗೆ ಮಾಡದಿದ್ದರೆ, ಬಾಡಿಗೆದಾರನು ತಾನೇ ಅದನ್ನು ಮಾಡಿಸಿ ವೆಚ್ಚವನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು ಅಥವಾ ಬೇರೆ ರೀತಿಯಿಂದ ವಸೂಲು ಮಾಡಬಹುದು ಎಂದು ಇದೇ ಕಲಂ ಹೇಳುತ್ತದೆ. ಮಾಲೀಕರು ಕಟ್ಟಬೇಕಾದ ತೆರಿಗೆ ಮುಂತಾದ ಬಾಕಿ ಬಾಡಿಗೆದಾರನ ಮೇಲೆ ಅಥವಾ ಕಟ್ಟಡದ ಮೇಲೆ ವಸೂಲಾಗುವಂತಿದ್ದು, ಅವರು ಅದನ್ನು ಕಟ್ಟದಿದ್ದಾಗಲೂ ಇದೇ ಅನುಕೂಲವಿದೆ.

ಇಲ್ಲಿ "ಬದ್ಧರಾಗಿರುವ" ಎಂಬ ಒಂದು ಪದದಲ್ಲಿ ಇಡೀ ವಿಷಯ ಅಡಗಿದೆ. ದುರಸ್ತಿ ಮಾಲೀಕರದೇ ಎಂದು ಈ ಕಾಯ್ದೆ ಎಲ್ಲಿಯೂ ಸಾರಾಸಗಟಾಗಿ ಹೇಳಿಲ್ಲ. ಬದಲಾಗಿ, ಸಹಜ ಸವಕಳಿ ಹಾಗೂ ತಡೆಯಲಾಗದ ಶಕ್ತಿಯಿಂದಾದ ಬದಲಾವಣೆಗಳನ್ನು ಬಿಟ್ಟು, ಕಟ್ಟಡವನ್ನು ಪಡೆದ ಸ್ಥಿತಿಯಲ್ಲೇ ಉಳಿಸಿ ಹಿಂದಿರುಗಿಸಬೇಕೆಂದು ಬಾಡಿಗೆದಾರನಿಗೇ ವಿಧಿಸಿದೆ. ಮಾಲೀಕರು ಬದ್ಧರಾಗುವುದು ಕರಾರಿನಿಂದ, ಇಲ್ಲವೇ ರೂಢಿಯಿಂದ. ಮಳೆಗಾಲಕ್ಕೆ ಮುನ್ನ ಹಂಚು ಕೈಯಾಡಿಸುವುದು ಮಾಲೀಕರ ಕೆಲಸವೆಂಬ ರೂಢಿ ಊರಲ್ಲಿದ್ದರೂ ನ್ಯಾಯಾಲಯದಲ್ಲಿ ಅದನ್ನು ಸಾಕ್ಷ್ಯದಿಂದ ರುಜುವಾತುಪಡಿಸಬೇಕಾಗುತ್ತದೆ. ಕರಾರಿನಲ್ಲಿ ಒಂದು ಸಾಲು ಬರೆದಿದ್ದರೆ ಆ ಶ್ರಮವಿಲ್ಲ. ನಮ್ಮಲ್ಲಿ ಮುದ್ರಿತ ನಮೂನೆಯ ಕರಾರುಪತ್ರಗಳನ್ನು ನೋಡಿದರೆ ಬಾಡಿಗೆ, ಮುಂಗಡ, ವರ್ಷಕ್ಕಿಷ್ಟು ಏರಿಕೆ, ಒಳಬಾಡಿಗೆ ನಿಷೇಧ ಎಲ್ಲವೂ ಇರುತ್ತವೆ. ಮಾಡಿನ ಮಾತು ಮಾತ್ರ ಇರುವುದಿಲ್ಲ. ಕೆಲವುಗಳಲ್ಲಂತೂ "ಸಣ್ಣಪುಟ್ಟ ಎಲ್ಲ ದುರಸ್ತಿ ಬಾಡಿಗೆದಾರನದು" ಎಂಬ ಸಾಲು ಸದ್ದಿಲ್ಲದೆ ಸೇರಿರುತ್ತದೆ.

ಕಾಗದದ ಬಲಾಬಲ

ಬರೆದರಷ್ಟೇ ಸಾಲದು, ಬರೆದದ್ದು ನ್ಯಾಯಾಲಯದಲ್ಲಿ ಓದಲು ಯೋಗ್ಯವಾಗಿರಬೇಕು. ಒಂದು ವರ್ಷಕ್ಕೆ ಮೀರಿದ ಅವಧಿಯ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಲೇಬೇಕು. ನೋಂದಾಯಿಸದ ಮೂರು ವರ್ಷದ ಕರಾರಿನ ಷರತ್ತುಗಳನ್ನು ನ್ಯಾಯಾಲಯ ಪುರಾವೆಯಾಗಿ ಸ್ವೀಕರಿಸುವುದಿಲ್ಲ. ಅದರಲ್ಲಿನ ದುರಸ್ತಿಯ ಷರತ್ತೂ ಅದರೊಂದಿಗೆ ಹೋಯಿತು. ಮುದ್ರಾಂಕ ಶುಲ್ಕ ಕಡಿಮೆಯಿದ್ದರೆ ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೆಯ ಕಲಮಿನಂತೆ ಕೊರತೆಯ ಹತ್ತು ಪಟ್ಟು ದಂಡ ಕಟ್ಟಿದ ಮೇಲಷ್ಟೇ ಆ ಪತ್ರ ಪುರಾವೆಯಾದೀತು. ಹನ್ನೊಂದು ತಿಂಗಳ ಕರಾರು ಜನಪ್ರಿಯವಾದದ್ದು ಈ ನೋಂದಣಿಯನ್ನು ತಪ್ಪಿಸಿಕೊಳ್ಳಲಿಕ್ಕೇ. ಅದರಲ್ಲಿ ತಪ್ಪಿಲ್ಲ. ಆದರೆ ಅವಧಿ ಮುಗಿದ ಮೇಲೆ ನವೀಕರಿಸದೆ ಬಾಡಿಗೆ ಕೊಡುತ್ತಾ ಹೋದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆದಾರಿಕೆಯಾಗುತ್ತದೆ.

ಇದರ ಅಪಾಯವನ್ನು ಮುಚ್ಚಿಡುವುದು ಸರಿಯಲ್ಲ. 2003ರ ತಿದ್ದುಪಡಿಯ ನಂತರದ 106ನೆಯ ಕಲಮಿನಂತೆ ತಿಂಗಳ ಬಾಡಿಗೆದಾರಿಕೆಯನ್ನು ಹದಿನೈದು ದಿನಗಳ ನೋಟೀಸಿನಿಂದ ಕೊನೆಗೊಳಿಸಬಹುದು, ಕಾರಣ ಹೇಳಬೇಕಿಲ್ಲ. ದುರಸ್ತಿ ಕೇಳಿ ನೀವು ಕೊಟ್ಟ ನೋಟೀಸಿಗೆ ಉತ್ತರವಾಗಿ "ಜಾಗ ಖಾಲಿ ಮಾಡಿ" ಎಂಬ ನೋಟೀಸು ಬರಬಹುದು. ಉತ್ಪಾದನಾ ಉದ್ದೇಶದ ಬಾಡಿಗೆದಾರಿಕೆ ವರ್ಷದಿಂದ ವರ್ಷಕ್ಕೆಂದು, ಆರು ತಿಂಗಳ ನೋಟೀಸು ಬೇಕೆಂದು ಅದೇ ಕಲಂ ಹೇಳುತ್ತದಾದರೂ, ನೋಂದಾಯಿಸದ ಪತ್ರವನ್ನು ಹಿಡಿದು ಆ ರಕ್ಷಣೆ ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯ 2016ರ ಪಾರ್ಕ್ ಸ್ಟ್ರೀಟ್ ಪ್ರಾಪರ್ಟೀಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಯಂತ್ರ ಕೂರಿಸಿ, ವಿದ್ಯುತ್ ಹೊರೆ ಹೆಚ್ಚಿಸಿಕೊಂಡು ಲಕ್ಷಾಂತರ ಹಣ ಹೂಡಿದ ಸಣ್ಣ ಉದ್ಯಮಿ ನೋಂದಣಿಯ ಖರ್ಚು ಉಳಿಸಲು ಹೊರಡುವುದು ಜಾಣತನವಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ನಿರ್ದಿಷ್ಟ ಅವಧಿಯ ನೋಂದಾಯಿತ ಕರಾರು ಇದ್ದರೆ ಮಾತ್ರ ದುರಸ್ತಿಯ ಹಕ್ಕನ್ನು ಧೈರ್ಯವಾಗಿ ಕೇಳಲು ಸಾಧ್ಯ.

ಹಾಗೆಂದು ನೋಟೀಸಿನ ಅವಧಿ ಮುಗಿದೊಡನೆ ಬೀಗ ಜಡಿಯುವ ಅಧಿಕಾರ ಮಾಲೀಕರಿಗಿಲ್ಲ. ಖಾಲಿ ಮಾಡಿಸಲು ನ್ಯಾಯಾಲಯದ ಆದೇಶ ಬೇಕು. ಕಾನೂನು ಕ್ರಮವಿಲ್ಲದೆ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಂತೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು.

ನೋಟೀಸು, ಪುರಾವೆ ಮತ್ತು ಬಾಡಿಗೆ

ದುರಸ್ತಿಯ ನೋಟೀಸಿಗೆ ವಕೀಲರೇ ಬೇಕೆಂದಿಲ್ಲ. ಯಾವ ಭಾಗದಲ್ಲಿ, ಯಾವ ದಿನದಿಂದ, ಏನು ದೋಷ. ಅದರಿಂದ ಆಗುತ್ತಿರುವ ತೊಂದರೆ. ಕರಾರಿನ ಯಾವ ಷರತ್ತು. ಎಷ್ಟು ದಿನದೊಳಗೆ ಸರಿಪಡಿಸಬೇಕು. ತಪ್ಪಿದರೆ ಅಂದಾಜು ಎಷ್ಟು ವೆಚ್ಚದಲ್ಲಿ ತಾನೇ ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳುವುದಾಗಿ ತಿಳಿಸುವ ಮಾತು, ಇಷ್ಟಿದ್ದರೆ ಸಾಕು. ಬಡಗಿ ಅಥವಾ ಗಾರೆ ಕೆಲಸದವರಿಂದ ಬರಹದಲ್ಲಿ ಪಡೆದ ಅಂದಾಜು ಪಟ್ಟಿಯನ್ನು ಲಗತ್ತಿಸಿ. ನೋಂದಾಯಿತ ಅಂಚೆ ಸೇವೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಂಡಿರುವುದರಿಂದ ಈಗ ಸ್ಪೀಡ್ ಪೋಸ್ಟ್ ಮೂಲಕವೇ ಕಳಿಸಿ ರಸೀದಿ ಹಾಗೂ ಬಟವಾಡೆಯ ದಾಖಲೆಯನ್ನು ಇಟ್ಟುಕೊಳ್ಳಬೇಕು. ಯುಕ್ತ ಕಾಲವೆಂದರೆ ಇಷ್ಟೇ ದಿನ ಎಂಬ ಲೆಕ್ಕವಿಲ್ಲ. ಗೋಡೆಗೆ ಸುಣ್ಣ ಬಳಿಯಲು ಎರಡು ತಿಂಗಳು ಯುಕ್ತವಾಗಬಹುದು; ಜುಲೈ ತಿಂಗಳಲ್ಲಿ ಮುರಿದ ಪಕಾಸಿಗೆ ಎರಡು ವಾರವೂ ಹೆಚ್ಚೇ.

ಮೊಬೈಲಿನಲ್ಲಿ ತೆಗೆದ ಚಿತ್ರಗಳು ಉಪಯುಕ್ತ. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಅವುಗಳೊಡನೆ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆಂಬುದು ನೆನಪಿರಲಿ. ಮೂಲ ಚಿತ್ರವನ್ನು ಅಳಿಸಬಾರದು. ದಾವೆ ಹೂಡಿದ ಮೇಲೆ ಸ್ಥಳ ಪರಿಶೀಲನೆಗೆ ಆಯುಕ್ತರನ್ನು ನೇಮಿಸುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯಡಿ ಕೋರಬಹುದು. ಮಳೆ ಸುರಿಯುತ್ತಿರುವಾಗಲೇ ಆಯುಕ್ತರು ಬಂದು ನೋಡಿದ ವರದಿಗೆ ಹತ್ತು ಸಾಕ್ಷಿಗಳ ಬೆಲೆ ಇದೆ.

ದುರಸ್ತಿಯೇ ಬೇರೆ, ಮಾರ್ಪಾಡೇ ಬೇರೆ. ಒಡೆದ ಹಂಚಿಗೆ ಬದಲು ಹಂಚು ಹಾಕಿಸಿದರೆ ದುರಸ್ತಿ. ಹಂಚಿನ ಮಾಡನ್ನೇ ಕಿತ್ತು ಸ್ಲ್ಯಾಬು ಹಾಕಿಸಿದರೆ, ಹಿತ್ತಲಿಗೆ ಹೊಸ ಗೋಡೆ ಕಟ್ಟಿದರೆ, ಮಾಲೀಕರ ಒಪ್ಪಿಗೆಯಿಲ್ಲದೆ ಶಾಶ್ವತ ನಿರ್ಮಾಣ ಮಾಡಬಾರದೆಂಬ ನಿಯಮವನ್ನು ಮುರಿದಂತಾಗಿ, ಪರಿಹಾರ ಕೇಳಬೇಕಾದವರೇ ತೆರವಿನ ದಾವೆ ಎದುರಿಸಬೇಕಾದೀತು.

ಬಾಡಿಗೆಯನ್ನು ಮಾತ್ರ ನಿಲ್ಲಿಸಬೇಡಿ. ಕಟ್ಟಡದ ಒಂದು ಭಾಗವನ್ನು ಮಾಲೀಕರು ವಶಕ್ಕೆ ಕೊಡದಿದ್ದಾಗಲೂ ಇಡೀ ಬಾಡಿಗೆ ನಿಲ್ಲುವುದಿಲ್ಲ, ಪ್ರಮಾಣಾನುಸಾರ ಕಡಿಮೆಯಾಗುತ್ತದೆ ಎಂಬುದು ಕಲ್ಕತ್ತೆಯ ಸ್ಟೀಫನ್ ಕೋರ್ಟ್ ಕಟ್ಟಡದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1966ರಲ್ಲಿ ತಳೆದ ನಿಲುವು. ಕೋವಿಡ್ ಕಾಲದಲ್ಲಿ ಅಂಗಡಿ ಮುಚ್ಚಿದ್ದ ಕಾರಣಕ್ಕೆ ಬಾಡಿಗೆ ತಡೆಹಿಡಿಯಬೇಕೆಂಬ ಕೋರಿಕೆಯನ್ನು ದೆಹಲಿ ಉಚ್ಚ ನ್ಯಾಯಾಲಯ 2020ರ ಮೇ ತಿಂಗಳಲ್ಲಿ ತಳ್ಳಿಹಾಕಿತು. ಜಾಗ ಇಟ್ಟುಕೊಂಡವರು ಬಾಡಿಗೆ ಕೊಡಬೇಕು ಎಂಬುದೇ ಅದರ ಸಾರ. ಮಾಲೀಕರು ತೆಗೆದುಕೊಳ್ಳಲು ನಿರಾಕರಿಸಿದರೆ ಬ್ಯಾಂಕ್ ಖಾತೆಗೆ ಜಮಾ ಮಾಡಿ ಅಥವಾ ಮನಿಯಾರ್ಡರ್ ಕಳಿಸಿ ದಾಖಲೆ ಉಳಿಸಿಕೊಳ್ಳಬೇಕು. ದುರಸ್ತಿ ವೆಚ್ಚ ಕಳೆದಿದ್ದರೆ ಎಷ್ಟು ಕಳೆದಿದೆ, ಏಕೆ ಎಂಬುದನ್ನು ಅದೇ ದಿನ ಪತ್ರದಲ್ಲಿ ತಿಳಿಸಬೇಕು. ಬಾಕಿಯಿಲ್ಲದ ಬಾಡಿಗೆದಾರನ ಮಾತಿಗೆ ನ್ಯಾಯಾಲಯದಲ್ಲಿರುವ ತೂಕವೇ ಬೇರೆ.

ವಿದ್ಯುತ್ತಿನ ವಿಷಯದಲ್ಲಿ ಕಾನೂನು ಇಂದು ಬಾಡಿಗೆದಾರನ ಪರವಾಗಿ ಸ್ಪಷ್ಟವಾಗಿದೆ. 2003ರ ವಿದ್ಯುತ್ ಕಾಯ್ದೆಯ 43ನೆಯ ಕಲಂ ಮಾಲೀಕರಷ್ಟೇ ಅಲ್ಲದೆ ಕಟ್ಟಡದಲ್ಲಿ ಇರುವವರ ಅರ್ಜಿಗೂ ಸಂಪರ್ಕ ಕೊಡುವ ಹೊಣೆಯನ್ನು ಸರಬರಾಜು ಸಂಸ್ಥೆಯ ಮೇಲೆ ಹೊರಿಸಿದೆ. ವಿದ್ಯುತ್ತು ಮೂಲಭೂತ ಅಗತ್ಯ, ಮಾಲೀಕರ ನಿರಾಕ್ಷೇಪಣಾ ಪತ್ರವಿಲ್ಲವೆಂದು ಅದನ್ನು ನಿರಾಕರಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2022ರ ದಿಲೀಪ್ ಪ್ರಕರಣದಲ್ಲಿ ಹೇಳಿದೆ. ನಮ್ಮ ಭಾಗದಲ್ಲಿ ಹೆಸ್ಕಾಂಗೆ ಅರ್ಜಿ ಸಲ್ಲಿಸುವಾಗ ಕರಾರುಪತ್ರ, ಬಾಡಿಗೆ ರಸೀದಿಗಳನ್ನು ಲಗತ್ತಿಸುವುದು ಒಳಿತು.

ಕಟ್ಟಡವೇ ಕುಸಿದರೆ

2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜಾರಿದ್ದನ್ನು ಯಾರೂ ಮರೆತಿಲ್ಲ. ಬೆಂಕಿ, ಬಿರುಗಾಳಿ, ಪ್ರವಾಹ ಅಥವಾ ತಡೆಯಲಾಗದ ಶಕ್ತಿಯಿಂದ ಬಾಡಿಗೆ ಸ್ವತ್ತಿನ ಮುಖ್ಯ ಭಾಗ ನಾಶವಾದರೆ, ಇಲ್ಲವೇ ಉದ್ದೇಶಿತ ಬಳಕೆಗೆ ಬಹುಮಟ್ಟಿಗೆ ಹಾಗೂ ಶಾಶ್ವತವಾಗಿ ಅಯೋಗ್ಯವಾದರೆ, ಬಾಡಿಗೆದಾರನು ಬಯಸಿದಲ್ಲಿ ಕರಾರು ರದ್ದಾಗುತ್ತದೆ. ಬಯಸಿದಲ್ಲಿ ಎಂಬುದನ್ನು ಗಮನಿಸಬೇಕು. ಆ ಆಯ್ಕೆ ಮಾಲೀಕರದಲ್ಲ. ಕಟ್ಟಡ ಬಿದ್ದುಹೋದರೂ ನೆಲ ಉಳಿದಿರುವುದರಿಂದ ಬಾಡಿಗೆದಾರಿಕೆ ತಾನಾಗಿ ಅಳಿಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರ ಶಾಹ ರತನ್ಸಿ ಖಿಮ್ಜಿ ಪ್ರಕರಣದಲ್ಲಿ ನಿರ್ಧರಿಸಿದೆ. ಹಳೆಯ ಕಟ್ಟಡ ಬೀಳುವುದನ್ನೇ ಕಾದು ಕೂರುವ ಮಾಲೀಕರಿಗೆ ಈ ತೀರ್ಪು ನಿರಾಸೆ ತಂದಿರಲಿಕ್ಕೂ ಸಾಕು.

ಬೀಳುವ ಮುನ್ನವೇ ಎಚ್ಚರಿಸುವ ದಾರಿಯೂ ಇದೆ. ಅಪಾಯದ ಸ್ಥಿತಿಯ ಕಟ್ಟಡವನ್ನು ಭದ್ರಪಡಿಸುವಂತೆ ಅಥವಾ ಕೆಡವುವಂತೆ ನೋಟೀಸು ನೀಡುವ ಅಧಿಕಾರ 1964ರ ಪೌರಸಭೆಗಳ ಕಾಯ್ದೆಯಡಿ ಶಿರಸಿಯ ನಗರಸಭೆಗೂ, ಸಿದ್ದಾಪುರ ಮತ್ತು ಯಲ್ಲಾಪುರದ ಪಟ್ಟಣ ಪಂಚಾಯತಿಗಳಿಗೂ ಉಂಟು. ಅರ್ಜಿ ಕೊಡುವ ಮುನ್ನ ಮಾತ್ರ ಯೋಚಿಸಿ. ಭದ್ರಪಡಿಸಲಾಗದೆಂದು ಕಂಡುಬಂದರೆ ಖಾಲಿ ಮಾಡಬೇಕಾದವರು ನೀವೇ.

ಹಾಳಾದ ಸರಕಿನ ನಷ್ಟ

ಒಪ್ಪಂದ ಮುರಿದವರು ಕೊಡಬೇಕಾದದ್ದು ಸಹಜವಾಗಿ ಉಂಟಾದ, ಇಲ್ಲವೇ ಒಪ್ಪಂದದ ಕಾಲದಲ್ಲೇ ಎರಡೂ ಕಡೆಯವರಿಗೆ ತಿಳಿದಿದ್ದ ನಷ್ಟವನ್ನು ಮಾತ್ರ ಎಂಬುದು 1872ರ ಕರಾರು ಕಾಯ್ದೆಯ 73ನೆಯ ಕಲಂ. ಹಾಗಾಗಿ ಕರಾರುಪತ್ರದಲ್ಲಿ "ವ್ಯಾಪಾರದ ಉದ್ದೇಶಕ್ಕಾಗಿ" ಎಂದಷ್ಟೇ ಬರೆಯದೆ "ಅಡಿಕೆ ಹಾಗೂ ಕಾಳುಮೆಣಸಿನ ಸಂಗ್ರಹಕ್ಕಾಗಿ" ಎಂದು ನಮೂದಿಸಬೇಕು. ತೇವ ತಗುಲಿದ ಚಾಲಿಗೆ ದರ ಬೀಳುತ್ತದೆಂಬುದು ನಮಗೆ ಗೊತ್ತು. ಮಾಲೀಕರಿಗೂ ಗೊತ್ತಿತ್ತೆಂಬುದಕ್ಕೆ ಆ ಒಂದು ಸಾಲೇ ಪುರಾವೆ. ನಷ್ಟ ತಗ್ಗಿಸಲು ತನ್ನ ಕೈಲಾದುದನ್ನು ಮಾಡುವ ಹೊಣೆ ಬಾಡಿಗೆದಾರನದೂ ಹೌದು. ಹನಿ ಬೀಳುವುದನ್ನು ಕಂಡೂ ಚೀಲಗಳನ್ನು ಅಲ್ಲೇ ಬಿಟ್ಟವರಿಗೆ ಪೂರ್ತಿ ಪರಿಹಾರ ಸಿಗದು. ಟಾರ್ಪಾಲು, ಸಾಗಣೆ, ಬದಲಿ ಗೋದಾಮಿನ ಬಾಡಿಗೆಯ ಬಿಲ್ಲುಗಳನ್ನು ಜೋಪಾನವಾಗಿಡಿ. ದಾವೆಗೆ ಮೂರು ವರ್ಷದ ಕಾಲಮಿತಿ ಇದೆ. ವಿಮೆ ಇದೆಯೆಂದು ನಿಶ್ಚಿಂತರಾಗುವುದೂ ಬೇಡ. ಸೋರಿಕೆಯಿಂದ ನಿಧಾನವಾಗಿ ತಗುಲಿದ ತೇವವನ್ನು ವಿಮಾ ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಸಂಪೂರ್ಣ ವ್ಯಾಪಾರಕ್ಕಷ್ಟೇ ಬಳಸುವ ಕಟ್ಟಡದ ವ್ಯಾಜ್ಯ ಮೂರು ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೌಲ್ಯದ್ದಾದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿ ಬರುತ್ತದೆ. ತುರ್ತು ಆದೇಶದ ಅಗತ್ಯವಿಲ್ಲದ ಪಕ್ಷದಲ್ಲಿ ದಾವೆಗೆ ಮುನ್ನ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯವೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿದೆ. ಸಣ್ಣ ವ್ಯಾಜ್ಯಗಳಿಗೆ ತಾಲೂಕು ಕಾನೂನು ಸೇವಾ ಸಮಿತಿ ಮತ್ತು ಲೋಕ ಅದಾಲತ್ ಉತ್ತಮ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ನಿಗದಿತ ಮಿತಿಗಿಂತ ಕಡಿಮೆ ವರಮಾನದವರು ಅಲ್ಲಿ ಉಚಿತ ನೆರವು ಪಡೆಯಬಹುದು. ನಾಲ್ಕು ಬೀದಿಯ ಊರಿನಲ್ಲಿ ಮಾಲೀಕರೂ ಬಾಡಿಗೆದಾರರೂ ನಾಳೆ ಮುಖ ನೋಡಬೇಕಾದವರೇ ಆದ್ದರಿಂದ ಈ ದಾರಿಗೆ ಬೇರೊಂದು ಅನುಕೂಲವೂ ಇದೆ.

ಮುಂದಿನ ಕರಾರು ಬರೆಯುವಾಗ ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಅಂಗೀಕರಿಸಿದ ಮಾದರಿ ಬಾಡಿಗೆದಾರಿಕೆ ಕಾಯ್ದೆಯನ್ನು ನೋಡಬಹುದು. ಅದು ಬರಿಯ ಮಾದರಿ; ರಾಜ್ಯ ಶಾಸನ ಮಾಡದ ಹೊರತು ಬಂಧಕವಲ್ಲ. ಆದರೆ ದುರಸ್ತಿಗಳ ವಿಂಗಡಣೆ ಅದರಲ್ಲಿ ಚೊಕ್ಕಟವಾಗಿದೆ: ಕಟ್ಟಡದ ರಚನೆಗೆ ಸಂಬಂಧಿಸಿದ್ದು, ಸುಣ್ಣ-ಬಣ್ಣ, ನೀರಿನ ಕೊಳವೆ, ವಿದ್ಯುತ್ ತಂತಿ ಮಾಲೀಕರದು, ನಲ್ಲಿ, ಸ್ವಿಚ್ಚು, ಬೀಗ, ಕಿಟಕಿಯ ಗಾಜು, ಚರಂಡಿ ಸ್ವಚ್ಛತೆ ಬಾಡಿಗೆದಾರನದು. ಮಾಲೀಕರು ನಿರಾಕರಿಸಿದರೆ ಬಾಡಿಗೆದಾರ ಮಾಡಿಸಿ, ಯಾವ ತಿಂಗಳೂ ಬಾಡಿಗೆಯ ಅರ್ಧಕ್ಕಿಂತ ಹೆಚ್ಚು ಕಳೆಯದೆ ವಸೂಲು ಮಾಡಿಕೊಳ್ಳಬಹುದು. ವಾಸಕ್ಕೆ ಅಯೋಗ್ಯವಾದ ಕಟ್ಟಡವನ್ನು ಹದಿನೈದು ದಿನಗಳ ಲಿಖಿತ ಸೂಚನೆ ಕೊಟ್ಟು ಬಿಡಬಹುದು. ಇವನ್ನೇ ಷರತ್ತುಗಳನ್ನಾಗಿ ನಮ್ಮ ಕರಾರಿಗೆ ಸೇರಿಸಲು ಯಾವ ಅಡ್ಡಿಯೂ ಇಲ್ಲ. ಅದರೊಡನೆ ಈ ಒಂದು ಸಾಲು: "ಪ್ರತಿ ವರ್ಷ ಮೇ ತಿಂಗಳ ಕೊನೆಯೊಳಗೆ ಮಾಲೀಕರು ಸ್ವಂತ ಖರ್ಚಿನಿಂದ ಹಂಚು ಕೈಯಾಡಿಸಿ, ಮಾಡು ಹಾಗೂ ಗೋಡೆಗಳು ಸೋರದಂತೆ ಮಾಡಿಕೊಡತಕ್ಕದ್ದು, ತಪ್ಪಿದಲ್ಲಿ ಬಾಡಿಗೆದಾರರು ಏಳು ದಿನಗಳ ಲಿಖಿತ ಸೂಚನೆ ಕೊಟ್ಟು ಸದರಿ ಕೆಲಸ ಮಾಡಿಸಿ, ವೆಚ್ಚವನ್ನು ಬಾಡಿಗೆಯಲ್ಲಿ ವಜಾ ಮಾಡಿಕೊಳ್ಳಲು ಹಕ್ಕುಳ್ಳವರು."